ಏಕಾದಶಿಯ ದಿನ ಕೊಳವೆ ಬಿಚ್ಚಿದ್ದು

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ನನಗೊಂದು ಮನೆ ಸಿಕ್ಕಿತು ಎಂದರೆ, ಒಂದು ಹಳೆಯ ಬಿಲ್ಡಿಂಗಿನ ನೆಲಮಾಳಿಗೆ ಸಿಕ್ಕಿತು ಎಂದು ಅರ್ಥ. ರಸ್ತೆಯಿಂದ ಮೆಟ್ಟಿಲು ಇಳಿದು ಹೋಗಬೇಕು. ಕಿಟಕಿಯಲ್ಲಿ ಮುಂಬಯಿ ಮಹಾನಗರದ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಆದರೇನು, ಸ್ವಂತ ಬಾಗಿಲು, ಸ್ವಂತ ನಲ್ಲಿ, ಸ್ವಂತ ಬೀಗ. ಐವತ್ತರ ದಶಕದ ಆ ದಿನಗಳಲ್ಲಿ ಫೋರ್ಟಿನ ಕಚೇರಿಯ ಗುಮಾಸ್ತನೊಬ್ಬ ಇದಕ್ಕಿಂತ ಹೆಚ್ಚಿನದನ್ನು ಬಯಸಿದರೆ ಅದು ದುರಾಸೆ ಎನಿಸಿಕೊಳ್ಳುತ್ತಿತ್ತು.

ಕೋಣೆಯ ಒಂದು ಮೂಲೆಯಲ್ಲಿ ಮಾತ್ರ ನನಗಿಂತ ಹಳೆಯ ನಿವಾಸಿಯೊಬ್ಬನಿದ್ದ: ತೊಡೆಗಾತ್ರದ ಕಬ್ಬಿಣದ ಕೊಳವೆ. ಮೇಲಿನ ಮೂರು ಮಹಡಿಗಳ ಪಾಯಖಾನೆಗಳ ಸಮಸ್ತವೂ ಅದರ ಮೂಲಕವೇ ಭೂಮಿಗಿಳಿಯುತ್ತಿತ್ತು. ನನ್ನ ಎದೆಮಟ್ಟದಲ್ಲಿ ಅದಕ್ಕೊಂದು ಕೀಲು. ಆ ಕೀಲು ಸೋರುತ್ತಿತ್ತು. ಕೆಳಗೊಂದು ಬಕೆಟ್ಟು ಇಟ್ಟು, ಊದುಬತ್ತಿ ಹಚ್ಚಿ, ಅದರೊಡನೆ ಸಹಬಾಳ್ವೆ ನಡೆಸಿದ್ದೆ. ಒಬ್ಬಂಟಿ ಗಂಡಸಿನ ಮೂಗು ಬೇಗ ರಾಜಿಯಾಗುತ್ತದೆ.

ಆದರೆ ಕಾನೂನಿನ ಪ್ರಕಾರ ನಾನು ಒಬ್ಬಂಟಿಯಲ್ಲ. ಮದುವೆಯಾಗಿ ವರ್ಷವಾಗಿತ್ತು. ಮನೆ ಸಿಗದ ಕಾರಣ ಹೆಂಡತಿ ಧಾರವಾಡದ ತವರಿನಲ್ಲೇ ಇದ್ದಳು. ಮನೆ ಸಿಕ್ಕಿತೆಂದು ತಿಳಿಸಿದ ಕೂಡಲೇ ಮಾವನವರು ಹೊರಟರು. ಮೊದಲು ತಾವು ಮನೆ ನೋಡುವುದು, ಒಪ್ಪಿಗೆಯಾದರೆ ಮಗಳನ್ನು ಕಳಿಸುವುದು. ದ್ವಾದಶಿಯ ಬೆಳಿಗ್ಗೆ ಗಾಡಿ ಇಳಿದು, ಏಕಾದಶಿ ಉಪವಾಸದ ಪಾರಣೆ ನನ್ನಲ್ಲೇ. ಮಡಿ-ಮೈಲಿಗೆಯ ವಿಷಯದಲ್ಲಿ ನಮ್ಮ ಮಾವನವರು ಹೈಕೋರ್ಟು. ಅವರೆದುರು ಆ ಕೀಲು ಒಂದು ಹನಿ ಉದುರಿಸಿದರೂ ನನ್ನ ಸಂಸಾರ ಧಾರವಾಡದಲ್ಲೇ ಉಳಿಯುವುದು ಖಂಡಿತವಾಗಿತ್ತು.

ಪ್ಲಂಬರನನ್ನು ಕರೆತಂದೆ. ಒಳಗಿನ ಸೆಣಬು ಕೊಳೆತಿದೆ, ಕಿತ್ತು ಹೊಸದು ಜಡಿದು ಸಿಮೆಂಟು ಮೆತ್ತುತ್ತೇನೆ, ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಲಿನಿಂದ ಏನೂ ಬರಕೂಡದು ಎಂದು ಹಿಂದಿಯಲ್ಲಿ ಹೇಳಿದ.

“ಏನೂ ಅಂದರೆ?”

“ಕುಛ್ ಭೀ ನಹೀಂ, ಸಾಬ್.”

ನೆಲಮಹಡಿಯಲ್ಲಿ ಒಂದು ಉಡುಪಿ ಹೋಟೆಲಿತ್ತು. ಅದರ ಮ್ಯಾನೇಜರು ನನ್ನ ಆಪ್ತ ಸಲಹೆಗಾರರು. “ಇಡೀ ಬಿಲ್ಡಿಂಗಿನ ಹೊಟ್ಟೆಗೆ ರಜೆ ಕೊಡುವವರು ಯಾರು ಮಾರಾಯ್ರೆ?” ಎಂದರು ಅವರು.

ಆಗ ನನಗೆ ಜ್ಞಾನೋದಯವಾಯಿತು. ದ್ವಾದಶಿಯ ಹಿಂದಿನ ದಿನ ಏಕಾದಶಿ. ನಮ್ಮ ಮನೆತನದಲ್ಲಿ ಏಕಾದಶಿ ಎಂದರೆ ಗುಟುಕು ನೀರೂ ಇಲ್ಲ. ಬಿಲ್ಡಿಂಗಿನಲ್ಲಿದ್ದವರು ಅರ್ಧ ಬೆಳಗಾವಿ ಕಡೆಯವರು, ಅರ್ಧ ಮರಾಠಿಗರು, ಎಲ್ಲರೂ ವ್ರತಸ್ಥರು. ಒಳಗೆ ಏನೂ ಹೋಗದಿದ್ದ ಮೇಲೆ ಕೆಳಗೆ ಏನು ಬಂದೀತು? ತರ್ಕದಲ್ಲಿ ಲೋಪವಿರಲಿಲ್ಲ. “ತಲೆ ಅಂದರೆ ನಿಮ್ಮದು” ಎಂದು ಮ್ಯಾನೇಜರು ಕಾಫಿ ತರಿಸಿದರು.

ಏಕಾದಶಿಯಂದು ಪಾಯಖಾನೆಗಳ ಮುಂದಿನ ಬೆಳಗಿನ ಸಾಲು ಕರಗಿದ ಮೇಲೆ ಕೀಲು ಬಿಚ್ಚಿದೆವು. ಹಳೆಯ ಸೆಣಬೆಲ್ಲ ಕಿತ್ತು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಮೇಲೆಲ್ಲೋ ಗುಡುಗಿತು. ಪ್ಲಂಬರ್ ಅನುಭವಸ್ಥ, ಪಕ್ಕಕ್ಕೆ ಹಾರಿದ. ನನಗೆ ಅನುಭವ ಸಾಲದು. ಆ ದಿನದ ಎರಡನೆಯ ಸ್ನಾನ ಮಾಡಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೇಲೆ ಓಡಿದೆ. ಮನೆಮನೆಯಲ್ಲೂ ಘನವಾದ ಉಪವಾಸ ನಡೆದಿತ್ತು. ಸಾಬುದಾಣಿ ಖಿಚಡಿ, ಹುರಿದ ಶೇಂಗಾ, ಬೇಯಿಸಿದ ಗೆಣಸು, ಬಾಳೆಹಣ್ಣು, ಗಟ್ಟಿ ಮೊಸರು. “ಇವತ್ತ ಉಪವಾಸ ಅದರಿ” ಎಂದು ಗೃಹಸ್ಥರೊಬ್ಬರು ಬಾಯಿ ಒರೆಸಿಕೊಂಡು ನೀರಿನ ಡಬ್ಬಿಯೊಂದಿಗೆ ಪಾಯಖಾನೆಯತ್ತ ಹೊರಟೇಬಿಟ್ಟರು. ಕೆಳಗೆ ಹೋಟೆಲಿಗೆ ಬಂದರೆ ಮ್ಯಾನೇಜರ ಮುಖ ಇಳಿದುಹೋಗಿತ್ತು. “ನನಗೆ ಹೊಳೆಯಲೇ ಇಲ್ಲ ಮಾರಾಯ್ರೆ. ಏಕಾದಶಿ ದಿನ ನಮ್ಮಲ್ಲಿ ಬಾಂಡ್ಲೆಗಟ್ಟಲೆ ಖಿಚಡಿ ಹೋಗುತ್ತದೆ. ಮಾಡಿಸುವವನೇ ನಾನು.”

ಮೊದಲ ಮಹಡಿಯಲ್ಲಿ ಬೆಳಗಾವಿಯ ಅಜ್ಜಿಯೊಬ್ಬರಿದ್ದರು. ಬಿಲ್ಡಿಂಗಿನ ಮಾಲೀಕನಿಗೆ ಹೆದರದವರೂ ಅವರಿಗೆ ಹೆದರುತ್ತಿದ್ದರು. ಜಿನೆಯ ಮೆಟ್ಟಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ ನನ್ನಿಂದ ವಿಷಯವನ್ನೆಲ್ಲ ಹೊರಡಿಸಿದರು.

“ಹೇಂತಿ ಬರೋದು ಈ ಪೈಪಿನ ಮ್ಯಾಲೆ ನಿಂತದ ಅನ್ನು.”

“ಹೌದ್ರಿ ಅಜ್ಜಿ.”

“ಲಗ್ನಾಗಿ ವರ್ಷ ಆತು?”

“ಆತ್ರಿ.”

“ಅಯ್ಯ ಖೋಡಿ, ಮೊದಲ ಹೇಳಬಾರದ?”

ನಮ್ಮಲ್ಲಿ ಪ್ರತಿ ಮನೆಯ ಬಾಗಿಲ ಬಳಿಯೂ ಪಾಯಖಾನೆಗೆ ನೀರು ಒಯ್ಯುವ ತಗಡಿನ ಡಬ್ಬಿ ಇರುತ್ತಿತ್ತು. ಅದಿಲ್ಲದೆ ಯಾರೂ ಆ ಕಡೆ ಹೆಜ್ಜೆ ಇಡುವಂತಿಲ್ಲ. ಅಜ್ಜಿ ಮಹಡಿ ಮಹಡಿ ಹತ್ತಿ, ಇಡೀ ಬಿಲ್ಡಿಂಗಿನ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬಿ, ಜಿನೆಯ ಮೇಲೆ ಎದುರಿಗಿಟ್ಟುಕೊಂಡು ಜಪಸರ ಹಿಡಿದು ಕೂತರು. ಡಬ್ಬಿಯಿಲ್ಲದೆ ಹೋಗುವ ಧೈರ್ಯ ಯಾರಿಗೂ ಇಲ್ಲ. ಅಜ್ಜಿಯನ್ನು ಡಬ್ಬಿ ಕೇಳುವ ಧೈರ್ಯ ಮೊದಲೇ ಇಲ್ಲ. ಖಿಚಡಿಯ ಆ ಗೃಹಸ್ಥರು ಮಾತ್ರ ಮತ್ತೆ ಬಂದು ತೊಳಲಾಡುತ್ತ ನಿಂತರು.

“ಅಜ್ಜಿ, ಭಾಳ ಅರ್ಜೆಂಟ್ ಅದರಿ.”

“ಸ್ಟೇಷನ್ ಏನ ದೂರಿಲ್ಲ, ಹೋಗು. ಈ ಹುಡುಗ ವರ್ಷಪೂರ್ತಿ ತಡಕೊಂಡಾನ, ನಿನಗ ಸಂಜೀತನಕ ಆಗಂಗಿಲ್ಲ?”

ಮಧ್ಯಾಹ್ನವಿಡೀ ನಮ್ಮ ಬಿಲ್ಡಿಂಗಿನ ಸಭ್ಯರು ಒಬ್ಬೊಬ್ಬರಾಗಿ, ಪ್ರಯಾಣದ ನೆಪ ಹೂಡಿ, ಸ್ಟೇಷನ್ನಿನ ಕಡೆ ಬಿರುಸಾಗಿ ನಡೆದರು. ಕೊಳವೆ ಮಾತ್ರ ನಮ್ಮ ಮನೆತನದ ಕ್ರಮದಲ್ಲಿ ನಿರ್ಜಲ ಏಕಾದಶಿ ಆಚರಿಸಿತು.

ಸಂಜೆಗೆ ಸಿಮೆಂಟು ಗಟ್ಟಿಯಾಯಿತು, ಡಬ್ಬಿಗಳು ಮನೆ ಸೇರಿದವು. ತುಕ್ಕು ಕಾಣದಿರಲೆಂದು ಮ್ಯಾನೇಜರು ಕೆಮ್ಮಣ್ಣು, ಸುಣ್ಣ ತಂದು ಕೊಳವೆಗೆ ತಾವೇ ಬಳಿದರು. ದೇವಸ್ಥಾನದ ಪೌಳಿಗೋಡೆ ಬಿಟ್ಟು ಬೇರೆ ಬಣ್ಣಗಾರಿಕೆ ಅವರು ಕಂಡವರಲ್ಲ. ಮೇಲಿನಿಂದ ಕೆಳಗಿನವರೆಗೆ ಕೆಂಪು-ಬಿಳಿ ಪಟ್ಟೆ.

ಮರುದಿನ ಮಾವನವರು ಬಂದರು. ಸ್ನಾನ, ಪೂಜೆ ಮುಗಿಸಿ, ನಾನೇ ಅಟ್ಟ ಅಗಸೆಸೊಪ್ಪಿನ ಪಲ್ಯದೊಡನೆ ಪಾರಣೆ ಮಾಡಿ ಎದ್ದರು. ಆಗ ಮೂಲೆಯತ್ತ ಅವರ ಕಣ್ಣು ಹೋಯಿತು. ಪಟ್ಟೆ ನೋಡಿ ಎರಡೂ ಕೈ ಮುಗಿಯಲೆಂದು ಅರ್ಧ ಮೇಲೆದ್ದವು. ಅದೇ ಹೊತ್ತಿಗೆ ಮೇಲಿನವರೆಲ್ಲ ವ್ರತ ಮುಗಿಸಿದ್ದರು, ಕೊಳವೆ ಗರ್ಜಿಸಿತು.

“ಅಳಿಯಂದ್ರ, ಕಂಬದಾಗ ಯಾರೋ ಇದ್ದಂಗ ಅದಲ್ಲ.”

“ಹೌದ್ರಿ ಮಾವಾ. ಮೂರು ಮಹಡಿ ಜನ ಇದ್ದಾರ.”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಕೀಲನ್ನು ಸುತ್ತಲೂ ಪರಿಶೀಲಿಸಿದರು. ಒಂದು ಹನಿಯೂ ಇಲ್ಲ. ತೀರ್ಪು ಕೇಳಲೆಂದು ಅಷ್ಟರಲ್ಲಿ ಇಳಿದು ಬಂದಿದ್ದ ಅಜ್ಜಿ, ಕರೆಯದಿದ್ದರೂ ಸಾಕ್ಷಿ ನುಡಿದರು. ಡಬ್ಬಿ, ಖಿಚಡಿ, ಸ್ಟೇಷನ್, ನನ್ನ ಎರಡನೆಯ ಸ್ನಾನ, ಯಾವುದನ್ನೂ ಬಿಡಲಿಲ್ಲ.

ಮಾವನವರು ನಕ್ಕದ್ದನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲ ಶಲ್ಯ ಜಾರಿತು, ಕೊನೆಗೆ ಗೋಡೆ ಹಿಡಿದುಕೊಂಡರು.

“ಹುಣ್ಣಿವಿ ಆದ ಮ್ಯಾಲೆ ಹುಡುಗೀನ ಕಳಸ್ತೀನಿ” ಎಂದರು, ಕಣ್ಣೊರೆಸಿಕೊಳ್ಳುತ್ತ. “ಆದರ ದೇವರ ಪೆಟಗಿ ಮಾತ್ರ ಈಚೆ ಮೂಲಿಗೆ ಇಡ್ರಿ.”

ಅವಳು ಬಂದಳು. ಟ್ರಂಕು ಇಳಿಸುವ ಮೊದಲೇ ಮೂಲೆಗೆ ಹೋಗಿ, “ಅಪ್ಪಾ ಕೈ ಮುಗಿಯಾಕ ಹೋಗಿದ್ದ ಕಂಬ ಇದ ಏನ್ರಿ?” ಎಂದು ಕೇಳಿ ಸೆರಗು ಬಾಯಿಗೊತ್ತಿಕೊಂಡಳು. ಮೇಲೆ ಗುಡುಗಿತು. ಇಬ್ಬರೂ ಕೀಲನ್ನೇ ನೋಡುತ್ತ ನಿಂತೆವು. ಸೋರಲಿಲ್ಲ.