ಬೊಗಳೆಯ ವಕೀಲ

ಮಾರ್ಟಿನ್ ಕ್ರೆಸ್ ಇಪ್ಪತ್ತು ವರ್ಷ ಒಂದೇ ವಾದ ಮಾಡಿಕೊಂಡು ಬದುಕಿದ. ಕಂಪನಿಯ ದೊಡ್ಡವರು ಷೇರುದಾರರ ಮುಂದೆ ನಿಂತು, ನಮ್ಮ ತಳಪಾಯ ಗಟ್ಟಿಯಾಗಿದೆ, ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತದೆ ಅನ್ನುತ್ತಾರೆ. ಕೆಲವೇ ತಿಂಗಳಲ್ಲಿ ಷೇರು ಮಕಾಡೆ ಮಲಗುತ್ತದೆ. ಕೈ ಸುಟ್ಟುಕೊಂಡವರೆಲ್ಲ ಒಟ್ಟಾಗಿ, ನಂಬಿಸಿ ಮೋಸ ಮಾಡಿದರೆಂದು ಮ್ಯಾನ್‌ಹ್ಯಾಟನ್ನಿನ ಕೋರ್ಟಿಗೆ ಬರುತ್ತಾರೆ. ಆಗ ಕಂಪನಿಯ ಪರ ಎದ್ದು ನಿಲ್ಲುವವನು ಮಾರ್ಟಿನ್. ಲೆಕ್ಕ ಸುಳ್ಳಾಗಿದ್ದರೆ ತೋರಿಸಿ, ಇದು ಬರೀ ಬೊಗಳೆ, ಬುದ್ಧಿಯಿರುವ ಯಾರೂ ಇಂಥ ಮಾತನ್ನು ನಂಬುವುದಿಲ್ಲ ಎನ್ನುತ್ತಿದ್ದ. ಬೊಗಳೆಗೆ ಹೊಣೆಯಿಲ್ಲವೆಂಬುದು ಅಲ್ಲಿನ ನ್ಯಾಯಾಧೀಶರು ಒಪ್ಪಿಕೊಂಡು ಬಂದ ಮಾತು. ಎಷ್ಟೋ ಮೊಕದ್ದಮೆಗಳು ವಿಚಾರಣೆಗೂ ಬಾರದೆ ಹೊಸ್ತಿಲಲ್ಲೇ ಬಿದ್ದುಹೋಗುತ್ತಿದ್ದವು.

ಕೆಟ್ಟ ಮನುಷ್ಯನಲ್ಲ. ಕೆಲಸದ ಚಾಳಿ ಮಾತ್ರ ನಾಲಿಗೆಗೆ ಅಂಟಿಕೊಂಡಿತ್ತು. ಆಧಾರವಿಲ್ಲದ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಮಳೆ ಬರುತ್ತದಾ ಅಂದರೆ, ಬರಬಹುದೆಂದು ಹವಾಮಾನದವರು ಹೇಳಿದ್ದಾರೆ ಎನ್ನುವನು. ಮದುವೆಯ ದಿನ ಪಾದ್ರಿ ಕೇಳಿದಾಗ ಇವನು ಹೂಂ ಅಂದದ್ದೇ ದೊಡ್ಡದು ಎಂದು ಹೆಂಡತಿ ಲೋರ್ನಾ ಬಂದವರೆದುರು ನಗಾಡುವಳು. ಅವಳು ನೆರೆಹೊರೆಯ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದಳು.

ಆ ವಸಂತದಲ್ಲಿ ಲೋರ್ನಾಳ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು. ಜೂನ್ ಹೊತ್ತಿಗೆ ಆಸ್ಪತ್ರೆಯ ಮಂಚವೇ ಮನೆಯಾಯಿತು. ಮಗಳು ಟೆಸ್‌ಗೆ ಇನ್ನೂ ಐದು ತುಂಬಿರಲಿಲ್ಲ. ಕೋಟಿನ ಜಿಪ್ ಸಿಕ್ಕಿಕೊಂಡರೂ ಯಾರಿಗೂ ಹೇಳದೆ ಮೂಲೆಯಲ್ಲಿ ನಿಂತು ಅಳುವ ಮಗು. ತಾನು ಸಾಯುವುದಕ್ಕಿಂತ ಇದೇ ಲೋರ್ನಾಳನ್ನು ಕಿತ್ತು ತಿನ್ನುತ್ತಿತ್ತು. ಸೆಪ್ಟೆಂಬರಿನಲ್ಲಿ ಸೇರಬೇಕಾದ ಹೊಸ ಶಾಲೆಯಲ್ಲಿ ಮೂಲೆ ಹುಡುಕಿ ನೋಡುವವರು ಯಾರು?

ಅವಳು ಗಂಡನನ್ನು ಕೇಳಿದ್ದು ಒಂದೇ. "ಸೆಪ್ಟೆಂಬರಲ್ಲಿ ಟೆಸ್‌ಳನ್ನ ಶಾಲೆಗೆ ಬಿಡೋಕೆ ನಾನೂ ಬರ್ತೀನಿ ಅನ್ನು."

"ಆಸೆ ಇಟ್ಕೊಳ್ಳಬಹುದು ಅಂತ ಡಾಕ್ಟರ್ ಹೇಳಿದಾರೆ."

"ಅದನ್ನ ನಾನೂ ಕೇಳಿಸ್ಕೊಂಡೆ. ನೀನು ಹೇಳು."

ಅವನು ಹೊದಿಕೆ ಸರಿಮಾಡುತ್ತ ಕೂತ.

"ನಿನ್ನ ಕಂಪನಿಗಳೇ ವಾಸಿ ಕಣೋ. ಕೇಳಿದ್ರೆ ಸುಳ್ಳಾದ್ರೂ ಹೇಳ್ತವೆ," ಅಂದು ಅವಳು ಗೋಡೆಯ ಕಡೆ ತಿರುಗಿದಳು.

ಸೂಜಿ ಬದಲಿಸಲು ಬಂದ ಟ್ರಿನಿಡಾಡಿನ ನರ್ಸಮ್ಮ ಹಯಸಿಂತ್‌ಳನ್ನೂ ಲೋರ್ನಾ ಅದನ್ನೇ ಕೇಳಿದಳು. "ಬರದೇ ಏನು ಚಿನ್ನಾ? ನೀನಲ್ಲದೆ ಇನ್ಯಾರು ಬಿಡ್ತಾರೆ ಆ ಕೂಸನ್ನ?" ಅಂದಳು ಆಕೆ, ಕೈಯ ಕೆಲಸ ಬಿಡದೆ. ಅದು ಬೊಗಳೆಯೆಂದು ಲೋರ್ನಾಳಿಗೆ ಗೊತ್ತಿತ್ತು. ಆದರೂ ಹಣೆಯ ಗೆರೆಗಳು ಸಡಿಲವಾಗಿ, ಎಷ್ಟೋ ದಿನದ ಮೇಲೆ ಮದ್ದಿಲ್ಲದೆ ನಿದ್ದೆ ಹತ್ತಿತು. ಮಾರ್ಟಿನ್ ನೋಡುತ್ತ ಕೂತ. ಅವನು ಕಂಡವರಲ್ಲೆಲ್ಲ ಬುದ್ಧಿವಂತೆಯೆಂದರೆ ಲೋರ್ನಾಳೇ.

ಮರುದಿನ ಕೋರ್ಟಿನಲ್ಲಿ ನ್ಯಾಯಾಧೀಶೆ ಕನ್ನಡಕ ತೆಗೆದು, "ಯಾರೂ ನಂಬಲ್ಲ ಅಂತೀರಿ. ಹಾಗಾದ್ರೆ ನಿಮ್ಮ ಕಕ್ಷಿದಾರರು ಯಾಕೆ ಹೇಳಿದ್ರು ವಕೀಲರೇ?" ಎಂದು ಕೇಳಿದರು. ಇದಕ್ಕೆ ಅವನ ಹತ್ತಿರ ರೂಢಿಯ ಉತ್ತರವಿತ್ತು, ಎಲ್ಲರೂ ಹೇಳುತ್ತಾರೆ, ಅದೊಂದು ಲೋಕಾರೂಢಿ ಎಂದು. ಅದನ್ನೇ ಹೇಳಿದ. ದನಿ ಮೇಲೇಳಲಿಲ್ಲ. ಕೇಸೇನೋ ಗೆದ್ದ. ಜೊತೆಯವರು ಊಟಕ್ಕೆ ಕರೆದರೂ ನಿಲ್ಲದೆ ಸುರಂಗದ ರೈಲು ಹತ್ತಿ ಆಸ್ಪತ್ರೆಗೆ ಬಂದ.

ಕೋಟು ಕೂಡ ತೆಗೆಯದೆ, "ನೀನು ಬರ್ತೀಯ ಲೋರ್ನಾ. ಸೆಪ್ಟೆಂಬರಲ್ಲಿ. ಮೂರೂ ಜನ ಹೋಗ್ತೀವಿ," ಅಂದ.

ಅವಳು ಕಣ್ಣು ಬಿಟ್ಟಳು. "ಯಾರು ಹೇಳಿದ್ದು?"

"ನಾನು."

"ಆಧಾರ ಏನು ವಕೀಲರೇ?"

"ಏನೂ ಇಲ್ಲ."

ನಗಲು ಹೋಗಿ ಅವಳಿಗೆ ಕೆಮ್ಮು ಬಂತು. ತಡೆದುಕೊಂಡು, "ಇನ್ನೊಂದ್ಸಲ ಹೇಳು," ಅಂದಳು. ಅವನು ಹೇಳಿದ. ಆಮೇಲೆ ದಿನಾ ಹೇಳಿದ, ಅವಳಿಗೆ ಕೇಳಿಸುತ್ತಿದೆಯೋ ಇಲ್ಲವೋ ತಿಳಿಯದ ದಿನಗಳಲ್ಲೂ.

ಆಗಸ್ಟ್ ಮುಗಿಯುವ ಮೊದಲೇ ಲೋರ್ನಾ ಹೋದಳು.

ಮಾರ್ಟಿನ್ ಈಗಲೂ ಅದೇ ಕಚೇರಿಯಲ್ಲಿದ್ದಾನೆ. ಕಂಪನಿಗಳ ಪರ ವಾದಪತ್ರ ಬರೆದುಕೊಡುತ್ತಾನೆ. ಎದ್ದು ನಿಂತು ವಾದಿಸುವುದನ್ನು ಮಾತ್ರ ಕಿರಿಯರಿಗೆ ಬಿಟ್ಟಿದ್ದಾನೆ. ಯಾಕೆಂದು ಕೇಳಿದವರಿಗೆಲ್ಲ, ಗಂಟಲು ಸರಿಯಿಲ್ಲ, ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ ಎಂದು ವರ್ಷಗಳಿಂದ ಹೇಳುತ್ತಿದ್ದಾನೆ.