ಜೋಡಿ ಚುಕ್ಕೆ

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಹೆಬ್ಬೆರಳಕ್ಕ. ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು, ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಕೋಶದೊಳಗಿನ ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳುತ್ತಿದ್ದವು. ಇಪ್ಪತ್ತೊಂದು ವರ್ಷದ ಕೆಲಸ. ಮಾರುದ್ದ ಪದವಿ ಹೊತ್ತು ಬಂದವರೂ ಹತ್ತು ಗಾಜು ಹಾಳುಮಾಡಿ, ಹಲ್ಲುಗಿಂಜುತ್ತ ಇವಳ ಮೇಜಿಗೇ ಬರಬೇಕು. ಬೆರಳು ಕೂದಲೆಳೆಯಷ್ಟು ಜಾರಿದರೂ ಎಲ್ಲ ಕಲಸುಮೇಲೋಗರ.

ಈ ಸಲ ಒತ್ತಬೇಕಾಗಿದ್ದು ಅಣ್ಣನ ಬಾಳೆಯ ಬೇರನ್ನು. ಅವನು ಅದೇ ಸಂಸ್ಥೆಯ ಗಾಜಿನಮನೆಯ ತೋಟಗಾರ. ಒಂಬತ್ತು ವರ್ಷ ಜೀವ ತೇದು ಹೊಸ ತಳಿ ಎಬ್ಬಿಸಿದ್ದ. ಅತ್ತಿಗೆ ತೀರಿಕೊಂಡ ಮೇಲೆ ಅವನು ಬಾಯಿಬಿಟ್ಟು ಮಾತಾಡುತ್ತಿದ್ದುದೇ ಆ ಗಿಡಗಳ ಜೊತೆ. ಈಗ ಎಲೆಗಳಲ್ಲಿ ಹಳದಿ ಗೀರು, ವೈರಸ್ಸಿನ ಗುರುತು. ವೈರಸ್ಸು ರಸದಲ್ಲಷ್ಟೇ ಇದ್ದರೆ ಚಿಗುರಿನ ತುದಿಯಿಂದ ಶುದ್ಧ ಸಸಿ ಪಡೆಯಬಹುದು. ಅದರ ಡಿಎನ್‌ಎ ವರ್ಣತಂತುವಿನಲ್ಲೇ ಸೇರಿಕೊಂಡಿದ್ದರೆ ಪ್ರತಿ ಸಸಿಗೂ ಬರುತ್ತದೆ; ತಳಿಯನ್ನೇ ಸುಡಬೇಕು.

ವೈರಸ್ಸಿನ ತುಂಡಿಗೆ ಮಾತ್ರ ಅಂಟುವ ಹಸಿರು ಬಣ್ಣ ಹಾಕಿ ನೋಡಿದಾಗ, ಮೊನ್ನೆ ಒಂದೇ ಒಂದು ಕೋಶದಲ್ಲಿ, ವರ್ಣತಂತುವಿನ ಮೇಲೆ ಎರಡು ಚುಕ್ಕೆ ಅಕ್ಕಪಕ್ಕ ಹೊಳೆದಿದ್ದವು. ವಿಭಜನೆಗೆ ಸಿದ್ಧವಾದ ವರ್ಣತಂತುವಿಗೆ ಎರಡು ಅವಳಿ ಎಳೆ; ಎರಡರಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಬಿದ್ದರೆ ವೈರಸ್ಸು ಒಳಗೇ ಸೇರಿದೆ ಎಂದರ್ಥ.

"ಒಂದು ಕೋಶ ನಂಬೋಕಾಗಲ್ಲ," ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. "ಇನ್ನೊಂದು ಗಾಜು ಮಾಡಿ. ಅದೂ ಕೆಟ್ಟರೆ ಏನೂ ಹೇಳೋಕಾಗಲ್ಲ, ತಳಿ ಪಾಸು."

ಬಣ್ಣಕ್ಕೆ ಹದಮಾಡಿಟ್ಟ ಬೇರು ಉಳಿದಿದ್ದು ಒಂದೇ; ಹೊಸದನ್ನು ಹದಮಾಡಲು ವಾರ ಬೇಕು. ತಳಿ ಬಿಡುಗಡೆ ತೀರ್ಮಾನಿಸುವ ಸಭೆ ನಾಡಿದ್ದೇ.

ಅಣ್ಣ ಬಂದು ಪಕ್ಕದಲ್ಲಿ ನಿಂತ. "ನಿನ್ನ ಬೆರಳೂ ಒಂದೊಂದ್ಸಲ ಜಾರತ್ತೆ, ಅಲ್ವಾ?"

ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದವನು, ಇದುವರೆಗೆ ಅವಳ ಹತ್ತಿರ ಏನನ್ನೂ ಬೇಡಿದವನಲ್ಲ. ಜಾರಿಸಿದರೆ ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಆದರೆ ಈ ಸಸಿ ಹೋಗುವುದು ಯಾರ್ಯಾರದೋ ತೋಟಗಳಿಗೆ. ಉಸಿರು ಬಿಗಿಹಿಡಿದು ನೆಟ್ಟಗೆ ಒತ್ತಿದಳು.

ಬಣ್ಣ ಅಂಟಲು ಮರುದಿನದವರೆಗೆ ಕಾಯಬೇಕು. ಬೆಳಿಗ್ಗೆ ಸೂಕ್ಷ್ಮದರ್ಶಕ ತಿರುಗಿಸಿದಳು. ಮೊದಲ ಕೋಶದಲ್ಲಿ ಜೋಡಿ ಚುಕ್ಕೆ. ಎರಡನೆಯದರಲ್ಲೂ ಜೋಡಿ ಚುಕ್ಕೆ. ಹದಿನಾಲ್ಕು ಕೋಶ ನೋಡಿದಳು. ಹದಿನಾಲ್ಕರಲ್ಲೂ ಅದೇ ವರ್ಣತಂತು, ಅದೇ ಜಾಗ. ಅಳುತ್ತಲೇ ವರದಿಗೆ ಸಹಿ ಹಾಕಿದಳು.

"ಒಳಗೇ ಇದೆ ಅಣ್ಣ," ಎಂದಳು, ಗಾಜಿನಮನೆಗೆ ಹೋಗಿ.

ಅವನು ಅವಳ ಮುಖ ನೋಡಲಿಲ್ಲ. ಮೊದಲ ಕುಂಡದ ಗಿಡವನ್ನು ಬುಡಸಮೇತ ಕಿತ್ತ. ಅವಳೂ ಒಂದು ಗಿಡಕ್ಕೆ ಕೈ ಹಾಕಿದಳು.

"ಮುಟ್ಟಬೇಡ. ನಿನ್ನ ಕೆಲಸ ನೀನು ಮಾಡಿದ್ದೀಯ. ಇದನ್ನ ನಾನು ಮಾಡ್ತೀನಿ."

ಮುನ್ನೂರು ಗಿಡ ಮುಗಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ದಿನಾ ಸಂಜೆ ಅವಳ ಚೀಲವನ್ನು ತಾನೇ ಕಸಿದುಕೊಂಡು ಜೊತೆಗೆ ಮನೆಗೆ ನಡೆಯುತ್ತಿದ್ದ ಅಣ್ಣ, ಅಂದು ಕೈ ತೊಳೆದುಕೊಂಡು ಒಬ್ಬನೇ ಹೊರಟುಹೋದ.