ಅರ್ಧ ಪುಟದ ಶಿಫಾರಸು

ಸಸ್ಯಶಾಸ್ತ್ರ ವಿಭಾಗದ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದವಳು ನಾನು. ಅಲ್ಲಿಂದ ಹೊರಗೆ ಹೋದ ಕಾಗದಗಳಲ್ಲಿ ನನ್ನ ಕೈ ತಾಗದ್ದು ಕಡಿಮೆ. ಅವುಗಳಲ್ಲಿ ಐದನ್ನು ನಾನು ಟೈಪ್ ಮಾಡಬಾರದಾಗಿತ್ತು. ಐದೂ ಪಾಚಿಯವು.

ಪಾಚಿ ಅಂದರೆ ಒಬ್ಬಳು ಹುಡುಗಿ. ಗೋಡೆಯ ಮೇಲೆ ಬೆಳೆಯುವ ಪಾಚಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು, ಅದಕ್ಕೇ ಆ ಹೆಸರು. ಇಟ್ಟವಳು ನಾನೇ. ಮೊದಲ ಸಲ ಕರೆದಾಗ ಮುಖ ಊದಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. "ಪರವಾಗಿಲ್ಲ ಅಕ್ಕ, ಅದಕ್ಕೂ ಯಾರೂ ನೀರು ಹಾಕಲ್ಲ" ಅಂತ ನಕ್ಕುಬಿಟ್ಟಳು. ಅವತ್ತಿನಿಂದ ಅವಳೆಂದರೆ ನನಗೆ ಒಂದು ಥರ ಕಕ್ಕುಲಾತಿ.

ಅವಳ ಅಪ್ಪ ಬಸ್ ಕಂಡಕ್ಟರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು. ಒಮ್ಮೆ ನನ್ನ ರವಿಕೆ ಹೊಲಿಸಲು ಹೋಗಿದ್ದೆ. ಅಳತೆ ತೆಗೆಯುವವರೆಗೂ ಮಾತಿಲ್ಲ, ಕತೆಯಿಲ್ಲ. ನಿಮ್ಮ ಹೊಲಿಗೆ ಬಹಳ ಚೆನ್ನಾಗಿದೆಯಂತೆ ಅಂದೆ. "ಅದನ್ನ ಹಾಕ್ಕೊಂಡವರು ಹೇಳ್ಬೇಕಮ್ಮ, ನಾವೇ ಹೇಳ್ಕೊಂಡ್ರೆ ಅಸಹ್ಯ" ಅಂದರು. ಮಗಳು ಪಕ್ಕದಲ್ಲಿ ಗುಂಡಿ ಹಾಕುತ್ತಾ ಕೂತಿದ್ದಳು. ಆ ಮನೆಯಲ್ಲಿ ಮಕ್ಕಳಿಗೆ ಅನ್ನದ ಜೊತೆ ಅದನ್ನೂ ಉಣ್ಣಿಸಿದ್ದರು ಅಂತ ನನಗೆ ಆಮೇಲೆ ಅರ್ಥವಾಯಿತು.

ಕಾರಿಡಾರಿನ ಕೊನೆಯ ಕೋಣೆ ಅವಳದು. ಬಾಗಿಲು ನಿಲ್ಲದ ಫ್ರಿಜ್ಜಿಗೆ ದಾರ ಕಟ್ಟಿದ್ದಳು. ಕಪಾಟಿನ ತುಂಬ ಕಾಗದದ ಪೊಟ್ಟಣಗಳು, ಒಂದೊಂದರಲ್ಲೂ ಒಣಗಿದ ಪಾಚಿ. ಕೆಲವು ಅವಳು ಹುಟ್ಟುವ ಮೊದಲೇ ಯಾರೋ ತಂದಿಟ್ಟವು, ಮೇಲೆ ಕೆಂಪು ಶಾಯಿಯಲ್ಲಿ 'ಸತ್ತಿದೆ' ಅಂತ ಬರೆದಿತ್ತು. ಹಿಂದಿನವರು ಅದರ ಮೇಲೆ ನೀರು ಸುರಿದು, ಕಂದು ರಾಡಿಯಾದದ್ದನ್ನು ನೋಡಿ ಕೈ ತೊಳೆದುಕೊಂಡಿದ್ದರು. ಇವಳು ಹಾಗೆ ಮಾಡಲಿಲ್ಲ. ಊಟದ ಡಬ್ಬಿಯ ತಳದಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಜಾಲರಿಯಿಟ್ಟು, ಅದರ ಮೇಲೆ ಪಾಚಿಯಿಟ್ಟು ಮುಚ್ಚಳ ಮುಚ್ಚಿದಳು. ನೀರು ತಾಗಲಿಲ್ಲ, ಬರೀ ತೇವದ ಗಾಳಿ. ಒಂಬತ್ತನೆಯ ದಿನ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಕೂದಲೆಳೆಯಷ್ಟು ಹಸಿರು.

"ಬಾಯಾರಿದವರು ಗಟಗಟ ಅಂತ ಚೊಂಬು ಎತ್ತಿದ್ರೆ ನೆತ್ತಿಗೆ ಹತ್ತಲ್ವಾ ಅಕ್ಕ? ಇದಕ್ಕೂ ಹಾಗೇ. ಇದು ಸತ್ತಿರ್ಲಿಲ್ಲ, ಎಬ್ಬಿಸೋಕೆ ಯಾರಿಗೂ ತಾಳ್ಮೆ ಇರ್ಲಿಲ್ಲ."

ನನಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಆದರೆ ಅವತ್ತು ಮೈ ಜುಮ್ಮೆಂದಿತು.

ಡಾಕ್ಟರೇಟ್ ಆದಮೇಲೆ ಅವಳಿಗೆ ಬೇಕಾಗಿದ್ದದ್ದು ಒಂದೇ, ಸ್ವಂತವಾಗಿ ಸಂಶೋಧನೆ ಮುಂದುವರಿಸಲು ಒಂದು ಫೆಲೋಶಿಪ್. ಪ್ರತಿ ಸೋಮವಾರ ಊಟದ ಹೊತ್ತಿಗೆ ನನ್ನ ಕಂಪ್ಯೂಟರ್ ಮುಂದೆ ಇಬ್ಬರೂ ಕೂತು ಪ್ರಕಟಣೆ ಹುಡುಕುತ್ತಿದ್ದೆವು. ಅವಳ ಹತ್ತಿರ ಗೆರೆ ಹಾಕಿದ ಒಂದು ನೋಟ್‌ಬುಕ್ ಇತ್ತು. ಫೆಲೋಶಿಪ್ಪಿನ ಹೆಸರು, ಕೊನೆಯ ತಾರೀಕು, ವಯಸ್ಸು, ಕೊನೆಯಲ್ಲಿ 'ನನಗೆ ಯಾಕೆ ಆಗಲ್ಲ' ಅಂತ ಒಂದು ಸಾಲು. ಆ ಸಾಲು ಬೇಗ ತುಂಬುತ್ತಿತ್ತು. ಒಂದಕ್ಕೆ ಕಾಯಂ ಕೆಲಸದಲ್ಲಿರಬೇಕು, ಇನ್ನೊಂದಕ್ಕೆ ಬೆಳೆಗಳ ಮೇಲೇ ಕೆಲಸ ಮಾಡಿರಬೇಕು, ಮತ್ತೊಂದಕ್ಕೆ ವಯಸ್ಸು ಎರಡು ತಿಂಗಳು ಮೀರಿತ್ತು. ಜರಡಿ ಹಿಡಿದು ಉಳಿದದ್ದು ಒಂದೇ. ಡಾಕ್ಟರೇಟ್ ಆಗಿ ಐದು ವರ್ಷದ ಒಳಗಿನವರಿಗೆ, ವರ್ಷಕ್ಕೊಮ್ಮೆ ಅರ್ಜಿ. ಅಂದರೆ ಅವಳಿಗೆ ಐದು ಅವಕಾಶ.

ಅರ್ಜಿಯ ಜೊತೆ ಗೈಡ್ ಬರೆದ ಶಿಫಾರಸು ಪತ್ರ ಇರಬೇಕು. ಮೊಹರು ಮಾಡಿದ ಲಕೋಟೆಯಲ್ಲಿ, ಬಹಳ ಗುಟ್ಟಾಗಿ. ಗುಟ್ಟು ಅಂದರೆ ನನಗೆ ನಗು ಬರುತ್ತದೆ. ಅವಳ ಗೈಡ್ ಆದ ನಮ್ಮ ಸರ್ ಕೆಟ್ಟವರಲ್ಲ, ಗದರಿ ಮಾತಾಡಿದವರೂ ಅಲ್ಲ. ಆದರೆ ಹತ್ತು ಕಮಿಟಿ, ಹನ್ನೊಂದು ಮೀಟಿಂಗು. ಯಾರು ಹೋಗಿ ಶಿಫಾರಸು ಕೇಳಿದರೂ ಒಂದೇ ಮಾತು: "ನೀವೇ ಬರ್ಕೊಂಡು ಬನ್ನಿ, ನಾನು ಸೈನ್ ಹಾಕ್ತೀನಿ." ಓದುತ್ತಿರಲಿಲ್ಲ. ನಂಬಿಕೆಯಂತೆ. ಅದೇ ವಿಭಾಗದ ಪದ್ಧತಿಯಾಗಿಬಿಟ್ಟಿತ್ತು. ಹುಡುಗರು ತಮ್ಮ ಬಗ್ಗೆ ತಾವೇ ಬರೆದು ತಂದದ್ದನ್ನು ಟೈಪ್ ಮಾಡುವಾಗ ನನಗೇ ನಾಚಿಕೆಯಾಗುತ್ತಿತ್ತು. ಇನ್ನೂ ಮೀಸೆ ನೆಟ್ಟಗೆ ಮೂಡದವನು 'ಈ ಶತಮಾನದ ಭರವಸೆ' ಆಗಿರುತ್ತಿದ್ದ.

ಪಾಚಿ ಬರೆದು ತಂದದ್ದು ಅರ್ಧ ಪುಟ. 'ಇವರು ಸಮಯಕ್ಕೆ ಸರಿಯಾಗಿ ಬರುತ್ತಾರೆ. ಗಾಜಿನ ಸಾಮಾನುಗಳನ್ನು ಜಾಗರೂಕತೆಯಿಂದ ಬಳಸುತ್ತಾರೆ. ವಹಿಸಿದ ಕೆಲಸವನ್ನು ಪೂರೈಸುತ್ತಾರೆ.'

"ಇದೇನೇ ಇದು, ಮನೆಗೆಲಸಕ್ಕೆ ಆಳು ಸೇರಿಸ್ತಿದೀಯಾ? ಆ ಡಬ್ಬಿ ವಿಷಯ ಎಲ್ಲಿ?" ಅಂದೆ.

"ಅದು ಪ್ರಬಂಧದಲ್ಲಿದೆಯಲ್ಲ ಅಕ್ಕ. ನನ್ನ ಬಗ್ಗೆ ನಾನೇ ಏನಂತ ಬರೀಲಿ? ಕೈ ಓಡಲ್ಲ."

ಬೈದೆ, ಗೋಗರೆದೆ, ಸರ್‌ಗೆ ಹೇಳಿಬಿಡುತ್ತೇನೆ ಅಂತ ಹೆದರಿಸಿದೆ. "ಹೇಳಿದ್ರೆ ನಾನು ಅರ್ಜೀನೇ ಹಾಕಲ್ಲ" ಅಂದಳು. ಅಂಥ ಸಾಧು ಹುಡುಗಿ ಅದೊಂದು ವಿಷಯದಲ್ಲಿ ಕಲ್ಲು. ನಾನು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ. ಸರ್ ಕಣ್ಣು ಮುಚ್ಚಿ ಸೈನ್ ಹಾಕಿದರು. ನಾಲ್ಕು ವರ್ಷ ಹೀಗೇ. ನಾಲ್ಕು ಸಲವೂ ಎರಡು ಸಾಲಿನ ಉತ್ತರ ಬಂತು, ವಿಷಾದಿಸುತ್ತೇವೆ ಅಂತ. ಮನೆಯಲ್ಲಿ ಅಮ್ಮ ಅದನ್ನು ಪರೀಕ್ಷೆ ಅಂದುಕೊಂಡಿದ್ದರು. "ಪಾಸಾಯ್ತಾ?" ಅಂತ ಕೇಳುತ್ತಿದ್ದರಂತೆ. "ಇನ್ನೊಂದು ಸಲ ಕಟ್ಬೇಕಮ್ಮ" ಅನ್ನುತ್ತಿದ್ದಳಂತೆ ಇವಳು.

ಐದನೆಯ ವರ್ಷ, ಅಂದರೆ ಕೊನೆಯ ಅವಕಾಶದ ವರ್ಷ, ಗಿಣಿಯೂ ಅರ್ಜಿ ಹಾಕಿದಳು. ಗಿಣಿ ಸರ್ ಹತ್ತಿರವೇ ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದವಳು. ಬಾಯಿಗೆ ಬಿಡುವಿಲ್ಲ, ಅದಕ್ಕೆ ಆ ಹೆಸರು. ಒಳ್ಳೆಯ ಹುಡುಗಿ. ಪಾಚಿಯ ಡಬ್ಬಿಯ ವಿಧಾನವನ್ನೇ ಕಲಿತು ಬೇರೆ ಜಾತಿಯ ಪಾಚಿಗಳ ಮೇಲೆ ಕೆಲಸ ಮಾಡಿದ್ದಳು. ಸರ್ ಪಾಚಿಯನ್ನು ಕರೆದು, "ಅವಳಿಗೆ ಇದೆಲ್ಲ ಹೊಸದು, ಅವಳ ಲೆಟರೂ ನೀವೇ ಬರೆದುಬಿಡಿ" ಅಂದರು.

ಗಿಣಿಯ ಬಗ್ಗೆ ಅವಳು ಬರೆದ ಪತ್ರವನ್ನು ಟೈಪ್ ಮಾಡುತ್ತಾ ನನ್ನ ಬೆರಳು ನಿಂತುಹೋಯಿತು. ಒಂದೂವರೆ ಪುಟ. ಒಂದು ಸಾಲೂ ಸುಳ್ಳಿಲ್ಲ, ಒಂದು ಸಾಲೂ ಬೆಣ್ಣೆ ಹಚ್ಚಿದ್ದಿಲ್ಲ. 'ಒಂದು ಮಧ್ಯಾಹ್ನ ಇವರು ತಮ್ಮ ನಾಲ್ಕು ತಿಂಗಳ ಫಲಿತಾಂಶ ತಪ್ಪೆಂದು ತಾವೇ ಕಂಡುಹಿಡಿದು, ಯಾರೂ ಕೇಳದಿದ್ದರೂ ಬಂದು ಹೇಳಿದರು. ಅಂಥವರ ಕೈಯಲ್ಲಿ ವಿಜ್ಞಾನ ಕ್ಷೇಮವಾಗಿರುತ್ತದೆ' ಅಂತ ಬರೆದಿದ್ದಳು. ಇಷ್ಟು ಚೆನ್ನಾಗಿ ಬರೆಯಲು ಬರುವವಳು ಐದು ವರ್ಷದಿಂದ ಗಾಜಿನ ಸಾಮಾನು ಅನ್ನುತ್ತಿದ್ದಾಳಲ್ಲ ಅಂತ ಹೊಟ್ಟೆ ಉರಿದುಹೋಯಿತು.

ಆ ವರ್ಷದ ನಮೂನೆಯಲ್ಲಿ ಹೊಸದೊಂದು ಚೌಕ ಸೇರಿಸಿದ್ದರು. 'ಈ ಸಲ ನೀವು ಶಿಫಾರಸು ಮಾಡುತ್ತಿರುವವರಲ್ಲಿ ಇವರಿಗೆ ಎಷ್ಟನೆಯ ಸ್ಥಾನ?' ಗಿಣಿಯ ಚೌಕದಲ್ಲಿ ಒಂದು ಅಂತ ಬರೆದಿದ್ದಳು. ತನ್ನದರಲ್ಲಿ ಎರಡು.

"ನಿನಗೇನು ತಲೆ ಕೆಟ್ಟಿದೆಯಾ? ಅವಳಿಗೆ ಇನ್ನೂ ನಾಲ್ಕು ವರ್ಷ ಇದೆ. ನಿನಗೆ ಇದೇ ಕೊನೇದು!"

"ಗೊತ್ತು ಅಕ್ಕ."

"ಮತ್ತೆ?"

"ಇಬ್ರನ್ನೂ ಒಂದು ಅಂತ ಬರೆಯೋಕಾಗಲ್ವಲ್ಲ. ನನಗೆ ನಾನೇ ಒಂದು ಹಾಕ್ಕೊಂಡು, ಆ ಹುಡುಗಿ ಮುಖ ಹೇಗೆ ನೋಡ್ಲಿ?" ಆಮೇಲೆ ಕಾಗದಗಳನ್ನು ಜೋಡಿಸುತ್ತಾ, "ಸರ್ ಸೈನ್ ಹಾಕೋವಾಗ ಅದೊಂದು ಚೌಕ ಆದ್ರೂ ನೋಡ್ತಾರೆ ಅಕ್ಕ. ತಪ್ಪಿದ್ರೆ ಅವರೇ ತಿದ್ತಾರೆ" ಅಂದಳು.

ಆಗ ನನಗೆ ಗೊತ್ತಾಯಿತು. ಐದು ವರ್ಷವೂ ಅವಳು ಕಾಯುತ್ತಿದ್ದದ್ದು ಅದಕ್ಕೇ. ಒಂದು ಸಲ ಸರ್ ಓದಿ, 'ಏನಮ್ಮ ಇದು, ನೀನು ಇಷ್ಟೇನಾ?' ಅಂತ ಹೊಡೆದುಹಾಕಿ ತಾವೇ ಬರೆಯಲಿ ಅಂತ. ಬಾಯಿಬಿಟ್ಟು ಕೇಳುವ ಪೈಕಿ ಅಲ್ಲ ಅವಳು.

ಸರ್ ಮೀಟಿಂಗಿಗೆ ಹೊರಟಿದ್ದರು. ಬಾಗಿಲಲ್ಲೇ ನಿಂತು, ಫೈಲಿನ ಮೇಲೆ ಕಾಗದವಿಟ್ಟು ಎರಡಕ್ಕೂ ಸೈನ್ ಹಾಕಿದರು. ನನ್ನ ಗಂಟಲ ತುದಿಗೆ ಮಾತು ಬಂದಿತ್ತು. ಟೈಪಿಸ್ಟ್ ಆದವಳು ಪ್ರೊಫೆಸರಿಗೆ ಓದಿ ಅಂತ ಹೇಳುವುದುಂಟೇ ಅಂತ ನುಂಗಿಕೊಂಡೆ. ಆ ನುಂಗಿದ್ದು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಸಂದರ್ಶನಕ್ಕೆ ಗಿಣಿಯನ್ನು ಕರೆದರು. ಪಾಚಿಗೆ ಎರಡು ಸಾಲಿನ ಉತ್ತರ ಬಂತು. ಆಯ್ಕೆಯಾದ ದಿನ ಗಿಣಿ ನೇರ ಕೊನೆಯ ಕೋಣೆಗೆ ಓಡಿಬಂದಳು. ಕಣ್ಣಲ್ಲಿ ನೀರು. "ಅಕ್ಕ, ಅಲ್ಲಿ ಸರ್ ಲೆಟರಿನ ಒಂದು ಸಾಲು ಓದಿ ಹೇಳಿದ್ರು. ನನ್ನ ಕೈಯಲ್ಲಿ ವಿಜ್ಞಾನ ಕ್ಷೇಮವಾಗಿರುತ್ತಂತೆ! ಸರ್ ನನ್ನನ್ನ ಇಷ್ಟೆಲ್ಲ ಗಮನಿಸಿದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!"

ಪಾಚಿ ಅವಳ ತಲೆ ಸವರಿದಳು. "ಸರ್ ಸರಿಯಾಗೇ ಬರೆದಿದಾರೆ ಬಿಡು" ಅಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ನೋಡಿ, ಸುಮ್ಮನಿರಿ ಅನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದಳು.

ಆರು ತಿಂಗಳಾದ ಮೇಲೆ ಕುಡಿಯುವ ನೀರು ಪರೀಕ್ಷಿಸುವ ಕಚೇರಿಯಲ್ಲಿ ಒಂದು ಕೆಲಸ ಇದೆ ಅಂತ ಬಂದಳು. ಸೀಸೆಗೆ ನೀರು ತುಂಬಿ ತಂದು ಅಂಕಿ ಬರೆಯುವ ಕೆಲಸ. ಅದಕ್ಕೂ ಶಿಫಾರಸು ಬೇಕಂತೆ. "ಈ ಸಲ ನೀವೇ ಬರೀರಿ ಅಕ್ಕ. ನನಗೆ ಸಾಕಾಗಿದೆ."

ಬರೆದೆ. ಡಬ್ಬಿ, ಒದ್ದೆ ಬಟ್ಟೆ, ಒಂಬತ್ತು ದಿನ, ಕೆಂಪು ಶಾಯಿಯ ಪೊಟ್ಟಣ, ಕೂದಲೆಳೆಯ ಹಸಿರು, ಎಲ್ಲ ಬರೆದೆ. ನನಗೆ ಬಂದ ಹಾಗೆ ಎರಡು ಪುಟ ಆಯಿತು. ಸರ್ ಪೆನ್ನು ತೆಗೆದವರು, "ಇದೇನು, ಅವಳದು ಯಾವಾಗಲೂ ಅರ್ಧ ಪುಟ ಇರ್ತಿತ್ತಲ್ಲ?" ಅಂದರು. ಅನ್ನುತ್ತಾ ಓದತೊಡಗಿದರು. ಎರಡನೆಯ ಪುಟಕ್ಕೆ ಬರುವಾಗ ಕನ್ನಡಕ ತೆಗೆದಿಟ್ಟರು.

"ಆ ಡಬ್ಬಿ ವಿಧಾನ ಇವಳದಾ? ಅದು ಗಿಣಿಯದು ಅಂದ್ಕೊಂಡಿದ್ದೆ ನಾನು."

"ಇವಳದೇ ಸರ್. ಇವಳ ಪ್ರಬಂಧದಲ್ಲೇ ಇದೆ."

"ಹಾಗಿದ್ರೆ ಆ ಫೆಲೋಶಿಪ್ ಇವಳಿಗೆ ಬರಬೇಕಿತ್ತಲ್ಲಮ್ಮ. ನಾನು ಒಂದು ಮಾತು ಬರೆದಿದ್ರೆ ಬಂದೇಬಿಡ್ತಿತ್ತು. ಯಾರಾದ್ರೂ ಹೇಳಬಾರ್ದಿತ್ತಾ ನಂಗೆ?"

"ನೀವು ಓದಬಾರ್ದಿತ್ತಾ ಸರ್?" ಅಂದುಬಿಟ್ಟೆ. ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೊಂದೇ ಸಲ. ಆಡಬೇಕಾದ ದಿನ ಆಡದೆ, ಎಲ್ಲ ಮುಗಿದ ಮೇಲೆ ಆಡಿದೆ. ಅವರು ಕನ್ನಡಕ ಹಾಕಿಕೊಂಡು ಸೈನ್ ಹಾಕಿದರು.

ಪಾಚಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕೊನೆಯ ಕೋಣೆ ಖಾಲಿ ಮಾಡಿ ಬೀಗದ ಕೈ ನನಗೆ ಕೊಡಲು ಹಿಡಿದುಕೊಂಡಿದ್ದಳು.

"ಸೈನ್ ಆಯ್ತಾ ಅಕ್ಕ?"

"ಆಯ್ತು."

ಲಕೋಟೆ ತೆಗೆದುಕೊಂಡಳು. ಎದ್ದು ನಿಂತವಳು ಎಲ್ಲೋ ನೋಡುತ್ತಾ ಕೇಳಿದಳು: "ಓದಿದ್ರಾ?"

ಓದಿದರು ಅಂದರೆ ಏನಂದರು ಅಂತ ಕೇಳುತ್ತಾಳೆ. ಏನಂದರು ಅಂತ ಹೇಳಿದರೆ ಈ ಹುಡುಗಿ ಅದನ್ನು ಹೊತ್ತುಕೊಂಡು ದಿನಾ ಹೇಗೆ ಬದುಕಬೇಕು?

"ಇಲ್ಲಮ್ಮ" ಅಂದೆ. "ಯಾವತ್ತಿನ ಹಾಗೇ, ನೋಡದೆ ಹಾಕಿದ್ರು."

"ಒಳ್ಳೇದಾಯ್ತು ಬಿಡಿ. ನಂಗೆ ನಾಚಿಕೆ ಆಗ್ತಿತ್ತು" ಅಂದಳು. ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಮೆಟ್ಟಿಲಿಳಿದು ಹೋದಳು.